ಕಳಸದ ರೂಟಿನಲ್ಲಿ ಒಂದೊಂದು ಗುಟುಕು

ಆಪರೇಷನ್ ಆಗಿ, ರಜೆ ಮುಗಿದು, ಮತ್ತೆ ಡ್ಯೂಟಿಗೆ ಹೋದ ಬೆಳಿಗ್ಗೆ ನನ್ನ ಖಾಕಿ ಅಂಗಿ ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ಒಳಗಿನಿಂದ ಪಿನ್ನು ಚುಚ್ಚಿಕೊಂಡು, ಡಿಪೋದಲ್ಲಿ ಟಿಕೆಟ್ ಮೆಷಿನ್ ಪಡೆದು, ಚಿಕ್ಕಮಗಳೂರಿನಿಂದ ಮೂಡಿಗೆರೆ ಮೇಲೆ ಕಳಸಕ್ಕೆ ಹೋಗುವ ಬಸ್ಸಿನ ಹತ್ತಿರ ಬಂದೆ.

“ಅಯ್ಯೋ, ನೀವೇನಾ ಮೇಡಂ? ಹೊಸ ಕಂಡಕ್ಟರ್ ಹಾಕಿದಾರೆ ಅಂದ್ಕೊಂಡೆ,” ಎಂದರು ಡ್ರೈವರ್. ಐವತ್ತು ದಾಟಿದ ಮನುಷ್ಯ. ಈ ರೂಟಿನಲ್ಲಿ ನಾವಿಬ್ಬರೂ ಬಹಳ ದಿನದಿಂದ ಜೊತೆ. ನಾನು ಅವರನ್ನು ಅಣ್ಣ ಎನ್ನುತ್ತೇನೆ, ಅವರು ಮಾತ್ರ ಮೇಡಂ ಬಿಡುವುದಿಲ್ಲ.

ತೂಕ ಇಳಿಸುವ ಆಪರೇಷನ್ ಎಂದು ಡ್ಯೂಟಿಯವರಲ್ಲಿ ಅವರಿಗೊಬ್ಬರಿಗೆ ಮಾತ್ರ ಗೊತ್ತಿತ್ತು. ಸಕ್ಕರೆ ಕಾಯಿಲೆ ಔಷಧಿಗೆ ಬಗ್ಗುತ್ತಿರಲಿಲ್ಲ. ಮಂಡಿ ನೋವು ಬೇರೆ. ಸೀಟುಗಳ ನಡುವೆ ನಾನು ಹೋಗಬೇಕಾದರೆ ನಿಂತವರು ಉಸಿರು ಎಳೆದುಕೊಂಡು ಒತ್ತಿಕೊಳ್ಳಬೇಕಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಜಠರದ ಮುಕ್ಕಾಲು ಪಾಲು ತೆಗೆದರು. ಉಳಿದದ್ದು ಬಾಳೆಕಾಯಿಯ ಹಾಗೆ ಉದ್ದಕ್ಕೆ ಸಣ್ಣಗೆ ಇರುವ ಒಂದು ಚೀಲ. ಅಷ್ಟರಲ್ಲೇ ಬದುಕಬೇಕು. ಅದು ಕಷ್ಟವಾಗಲಿಲ್ಲ, ಹಸಿವೇ ಇರುತ್ತಿರಲಿಲ್ಲ. ಕಷ್ಟವಾದದ್ದು ನೀರು.

ಆಸ್ಪತ್ರೆಯ ಡಯಟಿಷಿಯನ್ ಮೇಡಂ ಬಿಡುಗಡೆಯ ದಿನ ಕೂರಿಸಿಕೊಂಡು ಹೇಳಿದ್ದರು. ದಿನಕ್ಕೆ ಎರಡು ಲೀಟರಿನಷ್ಟಾದರೂ ನೀರು ಒಳಗೆ ಹೋಗಬೇಕು. ಆದರೆ ಮೊದಲಿನ ಹಾಗೆ ಲೋಟ ಎತ್ತಿ ಗಟಗಟ ಕುಡಿಯುವ ಹಾಗಿಲ್ಲ. ಒಂದು ಗುಟುಕು, ಸ್ವಲ್ಪ ಬಿಟ್ಟು ಇನ್ನೊಂದು ಗುಟುಕು. ಊಟದ ಜೊತೆ ಕುಡಿಯಬಾರದು, ಊಟವಾಗಿ ಅರ್ಧ ಗಂಟೆಯಾದರೂ ಬಿಡಬೇಕು. ಅವಸರ ಮಾಡಿದರೆ ಎದೆಯ ನಡುವೆ ಕಲ್ಲು ನಿಂತ ಹಾಗಾಗಿ ಬಾಯಿಗೆ ನೊರೆ ಬರುತ್ತದೆ. ಅಂದರೆ ಎಚ್ಚರವಿರುವಷ್ಟು ಹೊತ್ತೂ ಕುಡಿಯುತ್ತಲೇ ಇರಬೇಕು.

ನನ್ನಂಥ ಕೆಲಸದವರು ಇದಕ್ಕೆ ಸರಿಯಾಗಿ ಉಲ್ಟಾ ಕಲಿತವರು. ಬಸ್ಸಿನಲ್ಲಿ ಕೆಲಸ ಮಾಡುವ ಹೆಂಗಸರು ಮನೆಯಲ್ಲಿ ಕಾಫಿ ಕುಡಿದ ಮೇಲೆ ದೊಡ್ಡ ನಿಲ್ದಾಣ ಸಿಗುವವರೆಗೆ ನೀರು ಮುಟ್ಟುವುದಿಲ್ಲ. ಗಂಡಸರಿಗೆ ರಸ್ತೆಬದಿಯ ಮರ ಸಾಕು. ನಮಗೆ ಸಾಲದು. ನಡುವಿನ ನಿಲ್ದಾಣಗಳಲ್ಲಿ ಇಳಿದು, ಬಸ್ಸು ಬಂದ ಹೊತ್ತಿನ ಎಂಟ್ರಿ ಹಾಕಿಸಿ, ಹತ್ತಿದವರ ತಲೆ ಎಣಿಸುವುದರಲ್ಲೇ ಹೊತ್ತು ಕಳೆಯುತ್ತದೆ. ಶೌಚಾಲಯದ ಮುಂದಿನ ಸಾಲು ನೋಡಿಯೇ ವಾಪಸು ಹತ್ತಿಬಿಡುತ್ತೇವೆ. ಬಾಟಲಿ ತುಂಬಿಸಿಕೊಂಡು ಹೋಗಿ, ತುಂಬಿದ ಬಾಟಲಿಯನ್ನೇ ಮನೆಗೆ ತರುವುದು ನಮ್ಮಲ್ಲಿ ಹೊಸತಲ್ಲ.

ಕಾಫಿ ಹಣ್ಣು ಕೊಯ್ಯುವ ಕಾಲ ಅದು. ವಸ್ತಾರೆಯಿಂದಲೇ ಬಸ್ಸು ತುಂಬುತ್ತಿತ್ತು. ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಬುತ್ತಿ ಚೀಲ ಹಿಡಿದು ಒಟ್ಟಿಗೆ ಹತ್ತುತ್ತಾರೆ. ಅವರಿಗೆ ಟಿಕೆಟ್ ಉಚಿತ, ಆದರೂ ಪ್ರತಿಯೊಬ್ಬರ ಗುರುತಿನ ಚೀಟಿ ನೋಡಿ ಸೊನ್ನೆ ಟಿಕೆಟ್ ಹರಿದು ಕೊಡಲೇಬೇಕು. ಒಂದು ಕೈಯಲ್ಲಿ ಮೆಷಿನ್, ಇನ್ನೊಂದು ಕೈಯಲ್ಲಿ ಕಂಬಿ. ಬಾಟಲಿ ಹಿಡಿಯಲು ಮೂರನೆಯ ಕೈ ಇರಲಿಲ್ಲ.

ಮೊದಲ ವಾರವೇ ಹೊಟ್ಟೆ ಕಟ್ಟಿತು.

ಮನೆಯಲ್ಲಿದ್ದಾಗ ಗಂಜಿ, ಮಜ್ಜಿಗೆ, ಪ್ರೋಟೀನ್ ಪುಡಿಯ ನೀರು ಕುಡಿದುಕೊಂಡು ಹೇಗೋ ನಡೆದಿತ್ತು. ಈಗ ಮೆತ್ತಗೆ ಬೇಯಿಸಿದ ಹೆಸರುಬೇಳೆ, ಮೊಟ್ಟೆ, ಸ್ವಲ್ಪ ಮೊಸರು. ಸೊಪ್ಪು ತರಕಾರಿಗೆ ಹೊಟ್ಟೆಯಲ್ಲಿ ಜಾಗ ಉಳಿಯುತ್ತಿರಲಿಲ್ಲ. ಮೇಲೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ. ಎರಡೂ ಮಲ ಗಟ್ಟಿ ಮಾಡುವಂಥವು, ಎರಡನ್ನೂ ಬಿಡುವ ಹಾಗಿಲ್ಲ. ಡ್ಯೂಟಿಗೆ ಹೊರಡುವ ಮೊದಲು ಬಿಸಿನೀರು ಗುಟುಕರಿಸುತ್ತ ಕಕ್ಕಸಿನಲ್ಲಿ ಕೂರುತ್ತಿದ್ದೆ. ಕಾಲು ಜೋಮು ಹಿಡಿಯುತ್ತಿತ್ತು, ಬೇರೇನೂ ಆಗುತ್ತಿರಲಿಲ್ಲ.

ನನ್ನ ಗಂಡ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೆಷಿನ್ ನೋಡಿಕೊಳ್ಳುವವರು. ಹೆಚ್ಚು ಮಾತಿನವರಲ್ಲ. ಬಾಗಿಲ ಹೊರಗೆ ನಿಂತು ಒಂದೇ ಮಾತು ಕೇಳುತ್ತಿದ್ದರು.

“ಆಯ್ತಾ?”

“ಇಲ್ಲ.”

“ಕೂತ್ಕೋ ಇನ್ನೊಂಚೂರು.”

“ಬಸ್ಸು ಕೂತ್ಕೊಳ್ಳಲ್ವಲ್ಲ ಮಾರಾಯ್ರೆ.”

ಮಧ್ಯಾಹ್ನ ನಾನು ಕಳಸದಲ್ಲಿದ್ದಾಗ ಫೋನು ಬರುತ್ತಿತ್ತು. ಹಿಂದೆ ಮೆಷಿನ್‌ಗಳ ಸದ್ದು, ಅದರ ಮೇಲೆ ಅವರ ಕೂಗು. “ಆಯ್ತಾ?” ಸುತ್ತ ಇದ್ದವರಿಗೆ ಕೇಳುತ್ತದೇನೋ ಎಂದು ನಾನು “ಊಟ ಆಯ್ತು” ಎನ್ನುತ್ತಿದ್ದೆ. ಅವರಿಗೆ ಅರ್ಥವಾಗಿ ಫೋನು ಇಡುತ್ತಿದ್ದರು.

ಮೆಡಿಕಲ್ ಶಾಪಿನವರು ಇಸಬ್‌ಗೋಲ್ ಕೊಟ್ಟರು. ಊರಿಗೆಲ್ಲ ಅದೇ ಔಷಧಿ. ಆದರೆ ಅದರ ಮೇಲೆ ಎರಡು ಲೋಟ ನೀರು ಬೀಳಬೇಕು. ನನ್ನ ಚೀಲಕ್ಕೆ ಅರ್ಧ ಲೋಟ ಹೋಗುವಷ್ಟರಲ್ಲಿ ಸಾಕು ಸಾಕಾಗುತ್ತಿತ್ತು. ಅದು ಒಳಗೆ ಉಬ್ಬಿ ಅಂಟಿನಂತೆ ಕೂತಿತು. ಆ ಸಂಜೆ ವಾಂತಿಯಾಗಿ ನೊರೆ ನೊರೆ ಬಂತು. ಡಯಟಿಷಿಯನ್ ಮೇಡಂಗೆ ಫೋನು ಮಾಡಿದೆ.

“ಇಸಬ್‌ಗೋಲ್ ಯಾರು ತಗೊಳ್ಳಿ ಅಂದ್ರು ನಿಮಗೆ? ನಿಲ್ಲಿಸಿ ಈಗ್ಲೇ. ನೀರು ಎಷ್ಟು ಕುಡೀತಿದ್ದೀರಿ?”

ನಾನು ಹೇಳಿದೆ.

“ಮೇಡಂ, ನೀವು ಬಸ್ಸಲ್ಲಿ ನಿಂತಿರ್ತೀರಿ, ಬಿಸಿಲು, ಧೂಳು. ಅಷ್ಟು ನೀರು ಸಾಲೋದೇ ಇಲ್ಲ. ಡಾಕ್ಟರ್ ಹತ್ರ ಒಂದು ಸಿರಪ್ ಬರೆಸಿ ಕಳಿಸ್ತೀನಿ, ತಗೊಳ್ಳಿ, ಆದ್ರೆ ನೀರಿಲ್ಲದೆ ಅದೂ ಕೆಲಸ ಮಾಡಲ್ಲ.”

ಸಿರಪ್ ತೆಗೆದುಕೊಂಡ ಮೊದಲ ದಿನವೇ ಹೊಟ್ಟೆಯಲ್ಲಿ ಗುಡುಗುಡು. ಗಾಳಿ ತುಂಬಿ, ತಿರುವುಗಳಲ್ಲಿ ಕರುಳು ಹಿಂಡಿದಂತೆ ಆಗುತ್ತಿತ್ತು. ಅದು ಯಾವಾಗ ಕೆಲಸ ಮಾಡುತ್ತದೆ ಎಂದು ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಾಳೂರಿನ ಹತ್ತಿರ ಕಾಡಿನ ನಡುವೆ ಕೆಲಸ ಮಾಡಿದರೆ ಎಲ್ಲಿ ಓಡಲಿ? ಭಯವಾಗಿ ಡ್ಯೂಟಿ ಇರುವ ದಿನ ಸಿರಪ್ ಬಿಟ್ಟೆ. ವಾರದ ರಜೆಯ ದಿನ ಮಾತ್ರ ಕುಡಿದೆ. ಆ ದಿನ ಪೂರ್ತಿ ಮನೆಯಲ್ಲೇ ಕಾಯುತ್ತಿದ್ದೆ, ಬರಬೇಕಾದ ನೆಂಟರನ್ನು ಕಾಯುವ ಹಾಗೆ. ಬರುತ್ತಿರಲಿಲ್ಲ. ಗಂಡ ಪರಂಗಿ ಹಣ್ಣು ತಂದರು. ಎರಡು ಹೋಳು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿತು. ಉಳಿದದ್ದನ್ನು ಅವರೇ ತಿಂದು, ಮರುದಿನ ಬೆಳಿಗ್ಗೆ ಅವರಿಗೆ ಸಲೀಸಾಗಿ ಆದದ್ದನ್ನು ಹೇಳಲು ನಾಚಿಕೊಂಡು ಹಿಂದಿನ ಬಾಗಿಲಿಂದ ಒಳಗೆ ಬಂದರು.

ಹೊರಗಿನವರು ಮಾತ್ರ ನನ್ನನ್ನು ಹೊಗಳುತ್ತಿದ್ದರು. “ಎಂತ ಮಾಡಿದ್ರಿ ಮೇಡಂ, ನಮ್ಗೂ ಹೇಳಿ,” ಎನ್ನುತ್ತಿದ್ದರು ದಿನವೂ ಬರುವವರು. “ವಾಕಿಂಗು,” ಎನ್ನುತ್ತಿದ್ದೆ. ಹೊಟ್ಟೆಯಲ್ಲಿ ಒದ್ದೆ ಮರಳಿನ ಮೂಟೆ ಹೊತ್ತುಕೊಂಡು ನಗುವುದು ಎಂಥ ಕೆಲಸ ಎಂದು ಆಗ ತಿಳಿಯಿತು.

ಆಮೇಲೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನೀರು ನೀರಾಗಿ ಸ್ವಲ್ಪ ಹೋಯಿತು. ನಾನು ಒಳಗಿನಿಂದಲೇ ಕೂಗಿದೆ, “ಆಯ್ತು ರೀ!” ಅವರು ಹೊರಗೆ “ಅಬ್ಬಾ” ಎಂದದ್ದು ಕೇಳಿಸಿತು. ನನಗೆ ಅಳು ಬಂತು. ಆದರೆ ಹೊಟ್ಟೆಯ ಭಾರ ಇಳಿದಿರಲಿಲ್ಲ. ಮಧ್ಯಾಹ್ನ ಮತ್ತೆ ಸ್ವಲ್ಪ ಹೋಯಿತು, ನನಗೆ ಗೊತ್ತೇ ಆಗದ ಹಾಗೆ. ಬಟ್ಟೆ ಒದ್ದೆಯಾದಾಗಲೇ ತಿಳಿದದ್ದು. ಕಟ್ಟಿದ್ದು ಬಿಟ್ಟು ಈಗ ಭೇದಿ ಶುರುವಾಯಿತು ಎಂದುಕೊಂಡೆ. ಅದಕ್ಕೆ ಹೆದರಿ ನೀರು ಇನ್ನೂ ಕಡಿಮೆ ಮಾಡಿದೆ. ಬ್ಯಾಗಿನಲ್ಲಿ ಪ್ಯಾಡು, ಒಂದು ಜೊತೆ ಬಟ್ಟೆ ಇಟ್ಟುಕೊಂಡು ಓಡಾಡಿದೆ.

ಹೀಗಿರುವಾಗ ಒಂದು ಸೋಮವಾರ ಬಣಕಲ್‌ನಲ್ಲಿ ಜನ ನುಗ್ಗಿದರು. ಕೊಟ್ಟಿಗೆಹಾರದಲ್ಲಿ ಇನ್ನಷ್ಟು ಜನ. ಮುಂದಿನ ಸ್ಟೇಜ್ ಬರುವ ಮೊದಲು ಎಲ್ಲರಿಗೂ ಟಿಕೆಟ್ ಕೊಟ್ಟಿರಬೇಕು, ಚೆಕಿಂಗ್‌ನವರು ಎಲ್ಲಿ ಬೇಕಾದರೂ ಕೈ ತೋರಿಸಬಹುದು. ಹಿಂದಿನ ಬಾಗಿಲಿಂದ ಶುರು ಮಾಡಿ ಅರ್ಧ ಬಂದಿದ್ದೆ. ಕೆಳಹೊಟ್ಟೆಯಲ್ಲಿ ಯಾರೋ ಮುಷ್ಟಿ ಬಿಗಿದ ಹಾಗೆ ನೋವು ಎದ್ದಿತು. ಕಂಬಿ ಹಿಡಿದುಕೊಂಡೆ. ಬೆವರು ಕಣ್ಣಿಗೆ ಇಳಿಯಿತು. ಮತ್ತೆ ಒದ್ದೆಯಾಯಿತು, ಈ ಸಲ ತುಂಬಾ.

ಪಕ್ಕದ ಸೀಟಿನ ಗಂಡಸು ಕಿಟಕಿ ಸರಿಸಿದರು. ಕಿಟಕಿ ಸರಿಸಿದ್ದೇ ಸಾಕಾಗಿತ್ತು.

“ಅಕ್ಕ, ಕೂತ್ಕೊಳಿ ನೀವು,” ಎಂದಳು ಬಣಕಲ್‌ನಲ್ಲಿ ದಿನವೂ ಹತ್ತುವ ಹೆಂಗಸು. ಹಣ್ಣು ಕೊಯ್ಯಲು ಬಾಳೂರಿನ ಕಡೆ ಹೋಗುವವಳು. ತನ್ನ ಸೀಟು ಬಿಟ್ಟುಕೊಟ್ಟಳು. ನಾನು ಕೂರುವ ಸ್ಥಿತಿಯಲ್ಲಿರಲಿಲ್ಲ. ಮುಂದೆ ಟಿಕೆಟ್ ಆಗದವರು ಚೀಟಿ ಚಾಚಿಕೊಂಡು ನಿಂತಿದ್ದರು. ಇನ್ನು ಕಳಸದವರೆಗೆ ಬರೀ ತಿರುವುಗಳು. ಸುಧಾರಿಸಿಕೊಂಡು ಹೋಗಿಬಿಡೋಣ, ಕಳಸದಲ್ಲಿ ತೊಳೆದುಕೊಳ್ಳೋಣ ಎಂದು ಒಂದು ಮನಸ್ಸು. ಅಷ್ಟರಲ್ಲಿ ನೋವು ಇನ್ನೊಮ್ಮೆ ಎದ್ದು ಬಾಯಲ್ಲಿ ಕಹಿ ನೀರು ಬಂತು. ಕೈ ತಾನಾಗಿ ಬೆಲ್ಲಿನ ಹಗ್ಗಕ್ಕೆ ಹೋಯಿತು.

ಬಸ್ಸು ನಿಂತಿತು. ನಾನು ಜನರನ್ನು ಸರಿಸಿಕೊಂಡು ಮುಂದೆ ಹೋಗಿ ಡ್ರೈವರ್ ಕಿವಿಯ ಹತ್ತಿರ ಬಗ್ಗಿದೆ.

“ಅಣ್ಣ, ನಂಗೆ ಆಗಲ್ಲ. ಮುಂದೆ ಬರಲ್ಲ ನಾನು.”

“ಎಂತಾಯ್ತು?”

ಅಷ್ಟು ದಿನ ಮನೆಯ ಹೊರಗೆ ಯಾರಿಗೂ ಪೂರ್ತಿ ಹೇಳದ್ದನ್ನು ಅವರಿಗೆ ಹೇಳಿದೆ. ಮೋಷನ್ ಆಗದೆ ಎಷ್ಟು ದಿನವಾಯಿತು, ಈಗ ಏನಾಗುತ್ತಿದೆ, ಬಟ್ಟೆ ಹೇಗಿದೆ, ಎಲ್ಲ. ಅವರು ಮುಂದಿನ ಗಾಜನ್ನೇ ನೋಡುತ್ತ ಕೇಳಿಸಿಕೊಂಡರು.

“ಮೊದ್ಲೇ ಹೇಳದಲ್ವಾ ಮಾರಾಯ್ರೆ? ಕೊಡಿ ಮೆಷಿನ್ ಇಲ್ಲಿ.” ಅವರ ಹತ್ತಿರ ಕಂಡಕ್ಟರ್ ಲೈಸೆನ್ಸೂ ಇತ್ತು. ಡಿಪೋಗೆ ಫೋನು ಮಾಡಿ ತಿಳಿಸಿದರು, ಒಪ್ಪಿಗೆ ಪಡೆದರು. ನಾನು ಹಣದ ಬ್ಯಾಗು ಒಪ್ಪಿಸಿ ಇಳಿದೆ. ಹಿಂದಿನಿಂದ ಯಾರೋ “ಹೊತ್ತಾಯ್ತು, ಬಿಡ್ರಿ ಬಸ್ಸು” ಎಂದು ಕೂಗಿದರು. ಅವರದೂ ತಪ್ಪಲ್ಲ.

ಇಳಿದು ನೋಡಿದರೆ ಆ ಹೆಂಗಸೂ ಬುತ್ತಿ ಚೀಲದ ಸಮೇತ ಇಳಿದಿದ್ದಳು.

“ನೀನ್ಯಾಕೆ ಇಳಿದೆ? ಕೆಲಸ?”

“ಒಬ್ರೇ ಹೆಂಗೆ ಹೋಗ್ತೀರಿ? ಮುಖ ನೋಡ್ಕೊಂಡಿದೀರಾ? ಸುಣ್ಣ ಬಳ್ದಂಗೆ ಆಗಿದೆ.” ತೋಟದಲ್ಲಿ ಹಣ್ಣು ಕೊಯ್ಯುವಾಗ ಸೊಂಟಕ್ಕೆ ಸುತ್ತಿಕೊಳ್ಳುವ ದಪ್ಪ ಬಟ್ಟೆಯನ್ನು ಚೀಲದಿಂದ ತೆಗೆದು ನನ್ನ ಸೊಂಟಕ್ಕೆ ಕಟ್ಟಿದಳು. ಕೊಟ್ಟಿಗೆಹಾರದ ಕಡೆ ಹೊರಟಿದ್ದ ಆಟೋ ನಿಲ್ಲಿಸಿ ಮೂಡಿಗೆರೆಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡ್ಯೂಟಿಯಲ್ಲಿದ್ದವರು ಸಣ್ಣ ವಯಸ್ಸಿನ ಡಾಕ್ಟರಮ್ಮ. ಆಪರೇಷನ್ ವಿಷಯ ಕೇಳಿ, ಹೊಟ್ಟೆ ಒತ್ತಿ, ಎಕ್ಸ್‌ರೇ ತೆಗೆಸಿದರು. ಕರುಳಿನ ಮೇಲಿನ ಭಾಗದಲ್ಲಿ ತೊಂದರೆ ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಬೆರಳು ಹಾಕಿ ನೋಡಿದರು.

“ಅಮ್ಮಾ, ಇದು ಭೇದಿ ಅಲ್ಲ. ಕೆಳಗೆ ಗಟ್ಟಿಯಾಗಿ ಕಲ್ಲಿನ ಹಾಗೆ ಕೂತಿದೆ. ಅದರ ಪಕ್ಕದಿಂದ ನೀರು ಜಾರಿ ಬರ್ತಿದೆ ಅಷ್ಟೆ. ಮೇಲಿಂದ ಎಷ್ಟು ಔಷಧಿ ಕೊಟ್ರೂ ಇದು ಹೋಗಲ್ಲ. ಕೈಯಿಂದಲೇ ತೆಗೀಬೇಕು.”

“ಮರಗಟ್ಟೋ ಇಂಜೆಕ್ಷನ್ ಕೊಡ್ತೀರಾ?”

“ಜೆಲ್ ಹಚ್ತೀವಿ. ಸ್ವಲ್ಪ ನೋಯ್ತದೆ. ಸುಳ್ಳು ಹೇಳಲ್ಲ.”

ಎಡ ಮಗ್ಗುಲಿಗೆ ಮಲಗಿಸಿ ಮಂಡಿ ಎದೆಗೆ ಮಡಿಸಿದರು. ಹಸಿರು ಪರದೆ ಎಳೆದರು. ಜೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಡಾಕ್ಟರಮ್ಮ ಕೆಲಸ ಶುರು ಮಾಡಿದರು. ಸಿಸ್ಟರ್ ನನ್ನ ಮಂಡಿ ಹಿಡಿದುಕೊಂಡು “ತಿಣುಕಬೇಡಿ, ಬಾಯಿಂದ ಉಸಿರು ಬಿಡಿ” ಎನ್ನುತ್ತಿದ್ದರು. ಡಾಕ್ಟರಮ್ಮ ಚೂರು ಚೂರಾಗಿ ಒಡೆದು ತೆಗೆಯುತ್ತಿದ್ದರು. ಒಂದೊಂದು ಸಲವೂ ಕಣ್ಣಿಗೆ ಕತ್ತಲೆ. ಹೆರಿಗೆಯಲ್ಲಿ ನಾನು ಇಷ್ಟು ಕೂಗಿರಲಿಲ್ಲ. ಇಲ್ಲಿ ಕೂಗಲೂ ನಾಚಿಕೆ. ಪರದೆಯ ಆಚೆ ಜ್ವರದ ಮಕ್ಕಳು ಅಳುತ್ತಿದ್ದರು, ಅವರ ಅಳುವಿನ ನಡುವೆ ನಾನೂ ಅತ್ತೆ. ಒಂದು ಹಂತದಲ್ಲಿ ಡಾಕ್ಟರಮ್ಮ ನಿಲ್ಲಿಸಿ, ನನ್ನ ನಾಡಿ ನೋಡಿ, ಸುಧಾರಿಸಿಕೊಳ್ಳಲು ಬಿಟ್ಟು, ಮತ್ತೆ ಶುರು ಮಾಡಿದರು. ಕೊನೆಗೆ ಎನಿಮಾ ಕೊಟ್ಟರು.

ಎಲ್ಲ ಮುಗಿದ ಮೇಲೆ ಬಂದದ್ದು ನೆಮ್ಮದಿಯಲ್ಲ. ದೊಡ್ಡ ಸಂತೆ ಎದ್ದುಹೋದ ಮೈದಾನದ ಹಾಗೆ ಒಳಗೆಲ್ಲ ಖಾಲಿ, ಕಸ. ಆ ಹೆಂಗಸು ನನ್ನ ಬಟ್ಟೆಯನ್ನು ನಲ್ಲಿಯಲ್ಲಿ ಜಾಲಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದಳು. ನಾನು ಬೇಡವೆನ್ನುವಷ್ಟರಲ್ಲಿ ಆಗಿಹೋಗಿತ್ತು.

“ನೀವು ಇವರಿಗೆ ಏನಾಗ್ಬೇಕು?” ಎಂದು ಸಿಸ್ಟರ್ ಕೇಳಿದರು.

“ಏನೂ ಇಲ್ಲ. ಇವ್ರ ಬಸ್ಸಲ್ಲಿ ಬರ್ತೀನಿ.”

ಸಂಜೆ ಹೊತ್ತಿಗೆ ನನ್ನ ಗಂಡ ಬಂದರು. ಕ್ಯೂರಿಂಗ್ ವರ್ಕ್ಸ್‌ನಿಂದ ನೇರ ಬಂದಿದ್ದರು, ಕೂದಲ ಮೇಲೆಲ್ಲ ಕಾಫಿ ಬೀಜದ ಹೊಟ್ಟಿನ ಧೂಳು. ಮಂಚದ ಪಕ್ಕ ನಿಂತರು. ಈ ಸಲ ಅವರು ಏನೂ ಕೇಳಲಿಲ್ಲ. ನನ್ನ ಕಾಲಿನ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತರು.

ಮಂಗಳೂರಿನ ಸರ್ಜನ್ ಜೊತೆ ಡಾಕ್ಟರಮ್ಮ ಫೋನಿನಲ್ಲಿ ಮಾತಾಡಿದರು. ಕಬ್ಬಿಣದ ಮಾತ್ರೆ ಬದಲಾಯಿತು. ಸಿರಪ್ ಬದಲು ನೀರಿನಲ್ಲಿ ಕರಗಿಸಿ ಕುಡಿಯುವ ಪುಡಿ, ದಿನವೂ, ಡ್ಯೂಟಿ ಇರಲಿ ಬಿಡಲಿ. ಉಳಿದದ್ದೆಲ್ಲ ಅದೇ ಮಾತು: ನೀರು.

ಆಮೇಲೆ ಹಾಕಿದ್ದ ರಜೆ ಮುಗಿಯುವ ಮೊದಲು ಡಿಪೋ ಮ್ಯಾನೇಜರ್ ರೂಮಿಗೆ ಹೋದೆ. ಕೂತು ಮಾಡುವ ಕೆಲಸ, ಇಲ್ಲವೇ ಊರೊಳಗಿನ ಲೋಕಲ್ ಬಸ್ಸಾದರೂ ಕೊಡಿ ಎಂದು ಕೇಳಿದೆ. ಅವರು ಒಳ್ಳೆಯವರು, ಕುರ್ಚಿ ತೋರಿಸಿದರು.

“ನಂಗೆ ಅರ್ಥ ಆಗ್ತದೆ ಮೇಡಂ. ಆದ್ರೆ ಸೀಟಿನ ಕೆಲಸದಲ್ಲಿ ಜಾಗ ಇಲ್ಲ. ಲೋಕಲ್ ಕೇಳಿದವರು ನಿಮಗಿಂತ ಮುಂಚೆ ಎಷ್ಟೋ ಜನ ಇದಾರೆ. ಒಬ್ಬರಿಗೆ ಕ್ಯಾನ್ಸರ್ ಆಗಿ ಚಿಕಿತ್ಸೆ ನಡೀತಿದೆ. ಅವರನ್ನ ದಾಟಿ ನಿಮಗೆ ಹೆಂಗೆ ಕೊಡ್ಲಿ, ನೀವೇ ಹೇಳಿ.”

ನಾನು ಎದ್ದು ಬಂದೆ.

ಮತ್ತೆ ಅದೇ ಬಸ್ಸು, ಅದೇ ರೂಟು. ಒಂದು ತೀರ್ಮಾನ ಮಾತ್ರ ಮಾಡಿಕೊಂಡಿದ್ದೆ. ಕುಡಿಯುವುದನ್ನು ಬಿಡುವುದಿಲ್ಲ, ಹೋಗಬೇಕೆನಿಸಿದರೆ ಬಸ್ಸು ನಿಲ್ಲಿಸುತ್ತೇನೆ. ಡ್ರೈವರ್‌ಗೆ ಮೊದಲೇ ಹೇಳಿದೆ. “ನಿಲ್ಲಿಸ್ತೀನಿ ಬಿಡಿ. ಬೈದ್ರೆ ನನ್ನೇ ಬೈಲಿ,” ಎಂದರು. ಸಣ್ಣ ಬಾಟಲಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಒಂದು ಸಾಲು ಸೀಟಿನ ಟಿಕೆಟ್ ಮುಗಿದರೆ ಒಂದು ಗುಟುಕು. ವಸ್ತಾರೆ ದಾಟಿ ಆಲ್ದೂರು ಬರುವಷ್ಟರಲ್ಲಿ ಬಾಟಲಿ ಅರ್ಧವಾಗಿತ್ತು. ಮೂಡಿಗೆರೆಗೆ ಇನ್ನೂ ದೂರವಿರುವಾಗಲೇ ಮೂತ್ರ ತಡೆಯಲಾಗಲಿಲ್ಲ.

ರಸ್ತೆಬದಿಯ ಪೆಟ್ರೋಲ್ ಬಂಕ್ ಕಂಡಿತು. ಬೆಲ್ ಹೊಡೆದೆ.

“ಇಲ್ಲಿ ಸ್ಟಾಪ್ ಇಲ್ವಲ್ಲ, ಎಂತಕ್ಕೆ ನಿಲ್ಸಿದ್ದು?” ಎಂದರು ಮುಂದಿನ ಸೀಟಿನ ಹಿರಿಯರೊಬ್ಬರು. ತೋಟದ ಮಾಲೀಕರು, ಕೈಯಲ್ಲಿ ಫೈಲು. “ನಂಗೆ ಹನ್ನೊಂದಕ್ಕೆ ತಾಲೂಕು ಆಫೀಸಲ್ಲಿ ಕೆಲಸ ಇದೆ ಮೇಡಂ.”

“ಟಾಯ್ಲೆಟ್‌ಗೆ ಸರ್,” ಎಂದೆ. ಬಸ್ಸಿಡೀ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆನೆಂದು ಆಮೇಲೆ ತಿಳಿಯಿತು. ಅವರು ಫೈಲಿನತ್ತ ತಲೆ ಬಗ್ಗಿಸಿದರು.

ಶೌಚಾಲಯಕ್ಕೆ ಬೀಗ. ಬಂಕಿನ ಕೆಲಸದವನು ಕೀ ತರಲು ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಬಾಗಿಲ ಮುಂದೆ ಬಿಸಿಲಲ್ಲಿ ನಿಂತೆ. ಬಸ್ಸಿನ ಅಷ್ಟೂ ಕಿಟಕಿಗಳು ನನ್ನ ಬೆನ್ನು ನೋಡುತ್ತಿವೆ ಎನಿಸುತ್ತಿತ್ತು. ನನ್ನ ಹೊಟ್ಟೆ ಪೂರ್ತಿ ಸರಿಯಾಗಿರಲಿಲ್ಲ, ಈಗಲೂ ಆಗಿಲ್ಲ. ಪುಡಿ ಕುಡಿದರೂ ಕೆಲವು ದಿನ ಆಗುತ್ತದೆ, ಕೆಲವು ದಿನ ಇಲ್ಲ. ಅಂದು ಆಗಿರದ ದಿನ. ಒಳಗೆ ಆ ಭಾರ, ಮೇಲೆ ಈ ಅವಸರ, ಮುಂದೆ ಬೀಗ. ವಾಪಸು ಹೋಗಿ ಬಸ್ಸು ಹತ್ತಿಬಿಡಲೇ ಎಂದುಕೊಂಡೆ.

ಹಿಂದೆ ಚಪ್ಪಲಿ ಸದ್ದಾಯಿತು. ತೋಟದ ಕೆಲಸಕ್ಕೆ ಹೊರಟಿದ್ದ ಒಬ್ಬ ಅಜ್ಜಿ ಸೀರೆ ಎತ್ತಿ ಹಿಡಿದು ಬಂದಳು.

“ಕೀ ಬಂತಾ ಮಗಾ?”

“ಇಲ್ಲ ಅಜ್ಜಿ. ನೀವ್ಯಾಕೆ ಇಳಿದ್ರಿ?”

“ನಂಗೂ ಹೋಗ್ಬೇಕಿತ್ತು. ಬಸ್ಸು ನಿಲ್ಸಿ ಅಂತ ಹೆಂಗೆ ಹೇಳದು?”

ಅವಳ ಹಿಂದೆ ಕಾಲೇಜಿನ ಇಬ್ಬರು ಹುಡುಗಿಯರು. ಅವರ ಹಿಂದೆ ಬಸುರಿಯೊಬ್ಬಳು, ಅವಳ ಅತ್ತೆ. ನೋಡನೋಡುತ್ತಿದ್ದಂತೆ ಮುಚ್ಚಿದ ಬಾಗಿಲ ಮುಂದೆ ಸಾಲು ಬೆಳೆಯಿತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಸ್ಸಿನಲ್ಲಿ ಹಾರ್ನ್ ಕೂಗಬಹುದೆಂದು ನಾನು ಕಾಯುತ್ತಿದ್ದೆ. ಕೂಗಲಿಲ್ಲ. ತಿರುಗಿ ನೋಡಿದರೆ ಡ್ರೈವರ್ ಇಂಜಿನ್ ಆಫ್ ಮಾಡಿ ಕೆಳಗಿಳಿದು, ಬಂಕಿನ ಆಫೀಸಿನ ಬಾಗಿಲು ತಟ್ಟುತ್ತಿದ್ದರು.

ಕೀ ಸಿಕ್ಕಿತು. ಬಾಗಿಲು ತೆರೆಯಿತು. ನಾನು ಪಕ್ಕಕ್ಕೆ ಸರಿದು ಬಸುರಿಯನ್ನು ಮುಂದೆ ಬಿಟ್ಟೆ. ಅಜ್ಜಿ ನನ್ನ ತೋಳು ಹಿಡಿದು, “ಆಮೇಲೆ ನೀನು ಹೋಗು,” ಎಂದಳು. ಕಾಯುತ್ತ ನಿಂತು, ಬಾಟಲಿಯ ಮುಚ್ಚಳ ತೆಗೆದು ಇನ್ನೊಂದು ಗುಟುಕು ಕುಡಿದೆ.